ಮಾಲಗಾದ ದಾರಿಯಲ್ಲಿ ಮಾಂಯ್

ಅಬುಧಾಬಿಯಲ್ಲಿ ಡ್ರೈವಿಂಗ್ ಲೈಸೆನ್ಸ್ ಗಿಟ್ಟಿಸಿಕೊಂಡ ಗಂಡಸಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾಗಿ, ಕೊನೆಗೊಮ್ಮೆ ಪಾಸಾದ ಮೇಲೆ, ಚಕ್ರ ಇರುವ ಯಾವುದನ್ನು ಬೇಕಾದರೂ ಎಲ್ಲಿ ಬೇಕಾದರೂ ಓಡಿಸಬಲ್ಲೆ ಎಂಬ ಭ್ರಮೆ. ನನಗದು ಸ್ವಲ್ಪ ಜೋರಾಗಿಯೇ ಇತ್ತು. ರೀಮ್ ಐಲ್ಯಾಂಡಿನ ಫ್ಲಾಟಿನಿಂದ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿಗೆ ದಿನಾ ಹೋಗಿ ಬರುವವನು ನಾನು. ನೇರ ರಸ್ತೆ, ಆಟೋಮ್ಯಾಟಿಕ್ ಗೇರು. ಇಷ್ಟರ ಬಲದ ಮೇಲೆ ಒಂದು ಬೇಸಿಗೆ ರಜೆಯಲ್ಲಿ, ಸ್ಪೇನಿನಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ವೆಲೆನ್ಸಿಯಾದಿಂದ ಕಡಲ ತೀರದಲ್ಲೇ ಮಾಲಗಾದವರೆಗೆ ಹೋಗುವುದೆಂದು ಘೋಷಿಸಿಬಿಟ್ಟೆ.

ಹೆಂಡತಿ ಗ್ರೇಟಾ ನರ್ಸು. ಆಸ್ಪತ್ರೆಯಲ್ಲಿ ಎಂಥೆಂಥವರನ್ನೋ ನೋಡಿದವಳು. ನನ್ನನ್ನೂ ಹಾಗೆಯೇ ನೋಡಿ, "ಹೋಟೆಲಿಗೆ ಎಂತ ಆಗಿದೆ ಲ್ಯಾನ್ಸಿ?" ಎಂದಳು. ನನ್ನ ಬಳಿ ಉತ್ತರ ತಯಾರಿತ್ತು. "ಮಾಂಯ್‌ಗೆ ಹೋಟೆಲಿನಲ್ಲಿ ಗಂಜಿ ಸಿಗ್ತದಾ? ವ್ಯಾನಿನಲ್ಲಿ ಒಲೆ ಉಂಟು, ಮಲಗ್ಲಿಕ್ಕೆ ಹಾಸಿಗೆ ಉಂಟು." ಅಲ್ಲಿಗೆ ಮಾತು ಮುಗಿಯಿತು. ತಾಯಿಯ ಗಂಜಿಗಿಂತ ದೊಡ್ಡ ವಾದ ಅವಳಲ್ಲಿರಲಿಲ್ಲ.

ಮಾಂಯ್ ಅಂದರೆ ನನ್ನ ಅತ್ತೆ. ನಾವು ಕೊಂಕಣಿ ಕ್ಯಾಥೊಲಿಕರು ಅತ್ತೆಯನ್ನು ಕರೆಯುವುದೇ ಹಾಗೆ. ಮಂಗಳೂರಿನಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತರಾಗಿ ಈಗ ನಮ್ಮ ಜೊತೆಗೇ ಇದ್ದಾರೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮೊಮ್ಮಗಳು ರಿಯಾಳಿಗೆ ಭಾಷೆ ಬರಲಿ ಎಂದು ಅವರು ಎಲ್ಲರೊಂದಿಗೂ ಕನ್ನಡವನ್ನೇ ಮಾತಾಡುವ ವ್ರತ ಹಿಡಿದಿದ್ದಾರೆ. ಎಲ್ಲರೊಂದಿಗೂ ಅಂದರೆ ನಿಜಕ್ಕೂ ಎಲ್ಲರೊಂದಿಗೂ. ನಮ್ಮ ಕಟ್ಟಡದ ಫಿಲಿಪಿನೋ ವಾಚ್‌ಮನ್ ಈಗ ಅವರನ್ನು ಕಂಡರೆ "ಊಟ ಆಯ್ತಾ ಟೀಚರ್?" ಎನ್ನುತ್ತಾನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಅದನ್ನು ಬಳಸುವಂಥ ತುರ್ತು ಇನ್ನೂ ಬಂದಿಲ್ಲ, ಅಷ್ಟೆ.

ವೆಲೆನ್ಸಿಯಾದಲ್ಲಿ ವ್ಯಾನು ಕೈಗೆ ಬಂದಾಗ ನನ್ನ ಎದೆ ಸ್ವಲ್ಪ ಇಳಿಯಿತು. ಅದು ವ್ಯಾನಾಗಿರಲಿಲ್ಲ, ಬಿಳಿ ಬಣ್ಣ ಬಳಿದ ಒಂದು ಸಣ್ಣ ಮನೆ. ಸಾಲದ್ದಕ್ಕೆ ಗೇರನ್ನೂ ಕೈಯಲ್ಲೇ ಹಾಕಬೇಕು. ಒಳಗಿನ ಟಾಯ್ಲೆಟ್ಟಿನ ಡಬ್ಬಿಯನ್ನು ದಿನಾ ಹೊರಗೆಳೆದು ಖಾಲಿ ಮಾಡಬೇಕೆಂದು ಏಜೆಂಟ್ ತೋರಿಸಿಕೊಟ್ಟಾಗ ಗ್ರೇಟಾ, ಆ ಪಾಠ ನನಗೆ ಮಾತ್ರ ಸಂಬಂಧಿಸಿದ್ದು ಎಂಬಂತೆ ಆಚೆ ಹೋಗಿ ಹೂಗಿಡ ನೋಡುತ್ತಾ ನಿಂತಳು. ಗೋದಾಮಿನಲ್ಲಿ ನಾನು ಮ್ಯಾನೇಜರು. ಸ್ಪೇನಿನ ಕಡಲ ತೀರದುದ್ದಕ್ಕೂ ನಾನು ಏನಾಗಿದ್ದೆ ಎಂದು ವಿವರಿಸುವುದು ಬೇಡ.

ದಾರಿಯಲ್ಲಿ ಮಾಂಯ್ ಹಿಂದಿನಿಂದ, ನನ್ನನ್ನು ಪುತಾ, ಅಂದರೆ ಮಗನೇ, ಎಂದು ಕರೆಯುತ್ತಾ ಡ್ರೈವಿಂಗ್ ಹೇಳಿಕೊಡುತ್ತಿದ್ದರು. "ಪುತಾ, ಬ್ರೇಕು." "ಪುತಾ, ಲಾರಿಯವ ಬರ್ತಾ ಇದ್ದಾನೆ, ಅವನಿಗೆ ಅರ್ಜೆಂಟುಂಟು, ಬಿಡು." ಸೈಕಲ್ಲಿನವನೂ ನಮ್ಮನ್ನು ದಾಟಿ ಹೋಗುವವರೆಗೆ ಅವರಿಗೆ ಸಮಾಧಾನವಿಲ್ಲ. ಮಧ್ಯಾಹ್ನ ಗಂಜಿ ಉಂಡು, ಜಪಮಾಲೆ ಹಿಡಿದು, ಹಿಂದಿನ ಹಾಸಿಗೆಯ ಪರದೆ ಎಳೆದುಕೊಂಡರೆ ಮಾತ್ರ ವ್ಯಾನು ನನ್ನದಾಗುತ್ತಿತ್ತು.

ಮಾಲಗಾ ಇನ್ನು ಸ್ವಲ್ಪವೇ ದೂರ ಎನ್ನುವಾಗ ಡೀಸೆಲಿಗೆಂದು ಒಂದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದೆ. ಗ್ರೇಟಾ ಮತ್ತು ರಿಯಾ ಐಸ್‌ಕ್ರೀಮ್ ತಂದರು. ನಾನು ಗಾಜು ಒರೆಸಿದೆ. ಹಿಂದಿನ ಪರದೆ ಎಳೆದಂತೆಯೇ ಇತ್ತು. "ಅಮ್ಮ ಮಲಗಿದ್ದಾರೆ, ಎಬ್ಬಿಸ್ಬೇಡ" ಎಂದು ಗ್ರೇಟಾ ಪಿಸುಗುಟ್ಟಿದಳು. ಬಾಗಿಲನ್ನು ಎಷ್ಟು ಮೆತ್ತಗೆ ಹಾಕಿದೆವೆಂದರೆ, ನಮ್ಮ ಆ ಸೌಜನ್ಯವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲಿನ ಪ್ರಯಾಣ ಸೊಗಸಾಗಿತ್ತು. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ನೀಲಿ ಸಮುದ್ರ. ನಾನು ಲಾರಿಗಳನ್ನೂ ಹಿಂದೆ ಹಾಕಿದೆ. ಮಾಲಗಾ ಸೇರಿ, ವ್ಯಾನುಗಳಿಗೆಂದೇ ಇದ್ದ ಕಡಲ ಬದಿಯ ಬಯಲಿಗಾಗಿ ಸುತ್ತಿ ಸುತ್ತಿ ಕಡೆಗೂ ಅಲ್ಲಿ ನಿಲ್ಲಿಸಿದೆ. ಮರಳಿನ ಮೇಲೆ ಹಳೆಯ ದೋಣಿಯೊಂದರಲ್ಲಿ ಬೆಂಕಿ ಹಾಕಿ ಯಾರೋ ಮೀನು ಸುಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ನಮ್ಮ ಬೂತಾಯಿ! ಇದನ್ನು ಮಾಂಯ್‌ಗೆ ತೋರಿಸಲೇಬೇಕೆಂದು ಓಡಿ ಬಂದು ಪರದೆ ಸರಿಸಿದೆ. ಹಾಸಿಗೆಯ ಮೇಲೆ ತಲೆದಿಂಬು ಮಾತ್ರ ಇತ್ತು.

"ಡ್ಯಾಡಾ, ಯು ಲಾಸ್ಟ್ ಅಜ್ಜಿ?" ಎಂದಳು ರಿಯಾ. ಗ್ರೇಟಾ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗೊತ್ತಿಲ್ಲದ ದೇಶ, ಕೈಯಲ್ಲಿ ಫೋನಿಲ್ಲ, ಮೈಮೇಲೆ ಹೂವಿನ ನೈಟಿ, ಬಾಯಲ್ಲಿ ಕನ್ನಡ. ಮಾಂಯ್‌ಗೆ ಬಿಪಿ ಬೇರೆ ಉಂಟು. ಬಂದ ದಾರಿಯಲ್ಲೇ ವ್ಯಾನು ತಿರುಗಿಸಿದೆ. "ಬ್ರೇಕು" ಎನ್ನುವವರಿಲ್ಲದ ಆ ರಸ್ತೆಯಲ್ಲಿ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು.

ಪಂಪಿನ ಹುಡುಗಿಗೆ ಮಾಂಯ್‌ಯ ಫೋಟೋ ತೋರಿಸಿದೆವು. ಅವಳು ಟಾಯ್ಲೆಟ್ಟಿನ ಕಡೆ ಕೈ ತೋರಿಸಿದಳು. ಆಮೇಲೆ ನಮ್ಮ ವ್ಯಾನನ್ನೇ ತೋರಿಸಿ, ಇದರಲ್ಲೇ ಹತ್ತಿದರಲ್ಲ ಎಂಬಂತೆ ತಲೆಯಾಡಿಸಿದಳು. "ಇದರಲ್ಲೇ? ಇದರಲ್ಲಿ ಇದ್ದದ್ದು ನಾವು ಮಾರಾಯ್ತಿ!" ಎಂದು ನಾನು ಅಚ್ಚ ಕನ್ನಡದಲ್ಲಿ ಕೂಗಿದೆ. ಪೊಲೀಸರಿಗೆ ಫೋನ್ ಮಾಡುವ ಎಂದು ಗ್ರೇಟಾ ಮೊಬೈಲ್ ತೆಗೆದಳು. ಅಷ್ಟರಲ್ಲಿ ಅದೇ ರಿಂಗಾಯಿತು. ಮಂಗಳೂರಿನಿಂದ ಅವಳ ತಮ್ಮ ನೆಲ್ಸನ್. ಫೋನು ನನ್ನ ಕೈಗೆ ಬಂತು.

"ಭಾವ, ಹೇಗಿದ್ದೀರಿ? ಪ್ರವಾಸ ಎಲ್ಲ ಚೆನ್ನಾಗಿ ಆಗ್ತಾ ಉಂಟಾ?" ಎಂದ ಬಹಳ ಮರ್ಯಾದೆಯಿಂದ.

"ಆಗ್ತಾ ಉಂಟು ನೆಲ್ಸನ್, ಒಳ್ಳೆ ಜಾಗ" ಎಂದೆ.

"ಅಮ್ಮ ಆರಾಮಾ?"

"ಆರಾಮ. ಮಲಗಿದ್ದಾರೆ."

"ಹೌದು, ಮಲಗಿದ್ದರಂತೆ. ಈಗ ಎದ್ದು ಯಾರದೋ ವ್ಯಾನಿನಲ್ಲಿ ಕೂತು ಚಾ ಕುಡೀತಾ ಇದ್ದಾರೆ. ನೀವು ಅವರನ್ನು ಎಲ್ಲಿ ಬಿಟ್ರಿ ಭಾವ?"

ನಡೆದದ್ದು ಇಷ್ಟು. ನಾನು ಗಾಜು ಒರೆಸುತ್ತಿದ್ದಾಗ ಮಾಂಯ್ ಸದ್ದಿಲ್ಲದೆ ಇಳಿದು ಟಾಯ್ಲೆಟ್ಟಿಗೆ ಹೋಗಿದ್ದರು. ಹೊರಬಂದಾಗ ನಾವು ಹೊರಟಾಗಿತ್ತು, ಅಲ್ಲಿ ಇನ್ನೊಂದು ಬಿಳಿ ವ್ಯಾನು ಬಾಗಿಲು ತೆರೆದುಕೊಂಡು ನಿಂತಿತ್ತು. ಮಾಂಯ್ ಹತ್ತಿ, ಪರದೆ ಎಳೆದು, ಬಾಕಿಯಿದ್ದ ನಿದ್ದೆ ಮುಂದುವರಿಸಿದರು. ಅದು ಹಾಲೆಂಡಿನ ಒಬ್ಬ ಅಜ್ಜ, ಅಜ್ಜಿಯ ವ್ಯಾನು. ಮಾಲಗಾ ಸೇರುವವರೆಗೂ ಅಜ್ಜ ಹಿಂದಿನಿಂದ ಬರುತ್ತಿದ್ದ ಸದ್ದನ್ನು ಇಂಜಿನಿನ ತೊಂದರೆಯೆಂದೇ ತಿಳಿದಿದ್ದರಂತೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದರೂ ಸದ್ದು ನಿಲ್ಲಲಿಲ್ಲ. ಆಗ ಅವರ ಹೆಂಡತಿ ಪರದೆ ಸರಿಸಿದರು. ಮಾಂಯ್‌ಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ಮಂಗಳೂರಿನ ಮಗನ ಮನೆಯದ್ದು. ನೆಲ್ಸನ್ ನಮ್ಮ ಅಬುಧಾಬಿ ನಂಬರುಗಳಿಗೆ ಮಾಡಿದರೆ ಎರಡೂ ಬಂದ್. ಅಬುಧಾಬಿಯದೇ ಬನಿಯಾಸ್‌ನಲ್ಲಿರುವ ಚಿಕ್ಕಮ್ಮನ ಮಗಳಿಂದ ನಮ್ಮ ಸ್ಪೇನಿನ ನಂಬರು ಪಡೆದನಂತೆ. ಅಂದರೆ, ನಾನು ಅತ್ತೆಯನ್ನು ಕಳೆದುಕೊಂಡ ಸುದ್ದಿ ಎರಡು ದೇಶ ಸುತ್ತಿ ನನ್ನ ಹತ್ತಿರ ಬಂದಿತ್ತು.

ಮತ್ತೆ ಮಾಲಗಾ. ಆ ಡಚ್ ವ್ಯಾನು ನಿಂತದ್ದೂ ಅದೇ ಕಡಲ ಬದಿಯ ಬಯಲಿನಲ್ಲೇ. ಮಾಂಯ್ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಜ್ಜಿಯ ಶಾಲು ನೈಟಿಯ ಮೇಲಿತ್ತು. ಮುಂದಿನ ಬೆಂಚಿನ ಹುಡುಗರಿಗೆ ಹೇಳುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ, ಅವರಿಬ್ಬರಿಗೆ ಕನ್ನಡದಲ್ಲಿ ಏನೋ ವಿವರಿಸುತ್ತಿದ್ದರು. ಗ್ರೇಟಾ ಓಡಿ ಹೋಗಿ ತಬ್ಬಿಕೊಂಡಳು. ನಾನು ದೂರದಲ್ಲೇ ನಿಂತೆ. ಡಚ್ ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನೂ ನಿಮ್ಮವನೇನಾ ಎಂದು ಮಾಂಯ್‌ಯನ್ನು ಸನ್ನೆಯಲ್ಲಿ ಕೇಳಿದರು. ಮಾಂಯ್ ಉತ್ತರ ಕೊಡಲು ತೆಗೆದುಕೊಂಡ ಸಮಯ ಸ್ವಲ್ಪ ಹೆಚ್ಚೇ ಆಯಿತು.

"ಮಾಂಯ್, ಹೆದರಿದ್ರಾ?" ಎಂದೆ ಹತ್ತಿರ ಹೋಗಿ.

"ನಾನ್ಯಾಕೆ ಹೆದರ್ಬೇಕು ಪುತಾ? ನೀನು ಹೆದರಿರ್ತೀ ಅಂತ ನನಗೆ ಹೆದರಿಕೆ." ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಅಜ್ಜ ಎಷ್ಟು ಚಂದ ಓಡಿಸ್ತಾರೆ ಗೊತ್ತುಂಟಾ? ಒಂದು ಸಲವೂ ನನಗೆ ಎಚ್ಚರ ಆಗ್ಲಿಲ್ಲ. ನಾಳೆ ಗ್ರನಾಡಾಕ್ಕೆ ಹೋಗ್ತಾರಂತೆ. ಜಾಗ ಉಂಟಂತೆ" ಎಂದರು.

ಮರುದಿನ ನಾವೂ ಗ್ರನಾಡಾಕ್ಕೆ ಹೋದೆವು. ಮಾಂಯ್ ಅವರ ವ್ಯಾನಿನಲ್ಲಿ, ನಾನು ಹಿಂದೆ ಹಿಂದೆ, ಸೈಕಲ್ಲುಗಳಿಗೆಲ್ಲ ದಾರಿ ಬಿಡುತ್ತಾ.

ಅಬುಧಾಬಿಗೆ ಮರಳಿದ ಮೇಲಿನ ಮೊದಲ ಶುಕ್ರವಾರ, ಪೂಜೆ ಮುಗಿದು ಇಗರ್ಜಿಯ ಅಂಗಳಕ್ಕೆ ಬಂದರೆ ಜನ ಮಾಂಯ್‌ಯ ಸುತ್ತ ನೆರೆದಿದ್ದರು. ಸ್ಪೇನ್ ಹೇಗಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ. ಗೆಳೆಯ ರೊನಾಲ್ಡ್ ಒಬ್ಬ ಮಾತ್ರ ನನ್ನನ್ನು ಬದಿಗೆ ಕರೆದ. ರಜೆಯಲ್ಲಿ ಹೆಂಡತಿ, ಅತ್ತೆ, ಮಾವ ಎಲ್ಲರನ್ನೂ ಕರೆದುಕೊಂಡು ರಸ್ತೆ ಮೂಲಕ ಒಮಾನಿನ ಸಲಾಲಾಕ್ಕೆ ಹೊರಟಿದ್ದಾನಂತೆ. ಕೊನೆಗೂ ಅನುಭವಸ್ಥನೆಂದು ಒಬ್ಬನಾದರೂ ಗುರುತಿಸಿದನಲ್ಲ ಎಂದು ನಾನು ಉಬ್ಬಿ, ಟೈರು, ನೀರು, ಗೇರು ಎಂದು ಹೇಳುತ್ತಾ ಹೋದೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ಆಚೀಚೆ ನೋಡಿ, "ಅದೆಲ್ಲ ಇರ್ಲಿ ಲ್ಯಾನ್ಸಿ. ಅತ್ತೆಯನ್ನು ಮರೆಯುವುದು ಕಷ್ಟವಾ?" ಎಂದ.

"ಮರೆಯುವುದು ಎಂತ ಕಷ್ಟವೂ ಇಲ್ಲ ಮಾರಾಯ" ಎಂದೆ. "ಆಮೇಲೆ ನಿನ್ನನ್ನು ಯಾರೂ ಮರೆಯುವುದಿಲ್ಲ, ಅದೇ ಕಷ್ಟ."