ಬಾತುಕೋಳಿಗೆ ಇಸ್ತ್ರಿ ಹಾಕಿದ ಕಥೆ

ಹದಿನೈದೇ ದಿನ! ಹದಿನೈದು ದಿನಗಳಲ್ಲಿ ನನ್ನ ಆರು ವರ್ಷದ ಮಗಳನ್ನು ಲೇಖಕಿಯನ್ನಾಗಿ ಮಾಡಿಯೇ ತೀರುತ್ತೇನೆಂದು ಒಂದು ಭಾನುವಾರ ಬೆಳಿಗ್ಗೆ, ಒಲೆಯ ಮುಂದೆ ನಿಂತು ಭೀಷ್ಮಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆಯ ಭರದಲ್ಲಿ ಹಾಲು ಉಕ್ಕಿತು. ಶುಭಸೂಚನೆ ಎಂದುಕೊಂಡೆ. ಒಲೆ ಒರೆಸಿದವರು ಅತ್ತೆ; ಅವರು ಹಾಗೆ ಅಂದುಕೊಳ್ಳಲಿಲ್ಲ.

ಪ್ರತಿಜ್ಞೆಗೆ ಕಾರಣವಿತ್ತು. ನನ್ನವರು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್. ಹೋಗಿ ಏಳು ತಿಂಗಳಾಗಿತ್ತು, ಬರಲು ಇನ್ನೂ ನಾಲ್ಕು ತಿಂಗಳಿತ್ತು. ಹಡಗು ದಡಕ್ಕೆ ಹತ್ತಿರವಾದಾಗ ಮಾತ್ರ ಫೋನು. ಅದರಲ್ಲೂ ಅವರ ಮುಖ ಚೌಕ ಚೌಕವಾಗಿ ಒಡೆದು, ಮೂಗು ಒಂದು ಕಡೆ, ಬಾಯಿ ಒಂದು ಕಡೆ ನಿಂತುಬಿಡುತ್ತದೆ. ಆ ಚೌಕಗಳನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡು ನಾನು ದಿನ ತಳ್ಳುವವಳು. ಕಳೆದ ಸಲ ಅವರೇ ಕೇಳಿದ್ದರು: "ಬುಗುರಿ ಬರೆಯೋಕೆ ಶುರು ಮಾಡಿದಾಳಂತೆ? ಅವಳ ಕೈಯಾರೆ ಬರೆದಿದ್ದು ಏನಾದ್ರೂ ಕಳ್ಸೇ. ದಿಂಬಿನ ಕೆಳಗೆ ಇಟ್ಕೋತೀನಿ."

ಬುಗುರಿ ಎಂದರೆ ನಮ್ಮ ಮಗಳು. ನಿಂತಲ್ಲಿ ನಿಲ್ಲದವಳಿಗೆ ಬೇರೆ ಏನು ಹೆಸರಿಡುವುದು! ಅವರ ಹಡಗಿನ ಅಡುಗೆಯವರು ರಜೆಗೆ ಬಂದಿದ್ದರು. ಎರಡು ವಾರ ಬಿಟ್ಟು ಭಾನುವಾರ ಸಂಜೆ ನಾಲ್ಕಕ್ಕೆ ಬಂದು ಪೊಟ್ಟಣ ಒಯ್ಯುವುದಾಗಿ ಹೇಳಿದರು.

ಬುಗುರಿಯ ಟೀಚರ್ ಒಂದು ಚಿತ್ರಪುಸ್ತಕ ಸೂಚಿಸಿದರು. ಹನ್ನೆರಡು ಪುಟ, ಪುಟಕ್ಕೊಂದು ಚಿತ್ರ: ಒಂದು ಬಾತುಕೋಳಿ, ನಾಲ್ಕು ಮರಿ, ಒಂದು ಕೊಳ. ಅಕ್ಷರವೇ ಇಲ್ಲ. ಚಿತ್ರದ ಕೆಳಗೆ ಎರಡು ಖಾಲಿ ಗೆರೆ. ಮಗು ಚಿತ್ರ ನೋಡಿ ತನ್ನದೇ ವಾಕ್ಯ ಬರೆಯಬೇಕು.

"ನೀವು ಏನೂ ಹೇಳಿಕೊಡಬೇಡಿ. ತಿದ್ದಲೂಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತಿರಿ," ಎಂದರು ಟೀಚರ್.

ಸುಮ್ಮನೆ ಕೂರುವುದು! ನಾನು! ಮಗಳು ಎರಡು ಸಲ ಸೀನಿದರೆ ಮೂರು ವೈದ್ಯರಿಗೆ ಫೋನು ಹಚ್ಚುವ ಹೆಂಗಸು ನಾನು. ಆದರೂ ತಲೆಯಾಡಿಸಿ ಬಂದೆ.

ಮೊದಲ ಪುಟ. ಬುಗುರಿ ನಾಲಿಗೆ ಹೊರಚಾಚಿ, ಪೆನ್ಸಿಲ್ಲನ್ನು ಚಾಕುವಿನಂತೆ ಹಿಡಿದು, ಕಾಗದದ ಆಚೆ ಬದಿಗೂ ಮೂಡುವ ಹಾಗೆ ಒತ್ತಿ ಬರೆದಳು: ಅಪ್ಪ ಬಾತು ಎಲ್ಲಿ

"ಪುಟ್ಟಾ, ಚಿತ್ರದಲ್ಲಿ ಅಪ್ಪ ಬಾತು ಇಲ್ವಲ್ಲ!"

"ಇಲ್ಲ ಅಂತಾನೇ ಕೇಳಿರೋದು."

"ಇರೋದನ್ನ ಬರೀಬೇಕು ಕಂದಾ. ಅಳಿಸು."

ಅಳಿಸಿದಳು. ಎರಡನೆಯ ಪುಟದಲ್ಲಿ ಅಪ್ಪ ಬಾತು ಕೆಲಸಕ್ಕೆ ಹೋಗಿತ್ತು. ಅಳಿಸಿದೆವು. ಮೂರನೆಯದರಲ್ಲಿ ದೂರದ ನೀರಿನಲ್ಲಿತ್ತು. ಅಳಿಸಿದೆವು. ಹೀಗೆ ಹನ್ನೆರಡು ಪುಟದಲ್ಲೂ ಆ ಕಾಣದ ಬಾತು ಬಂದು ಬಂದು ಹೋಯಿತು; ನಾನು ಪೊಲೀಸಿನವಳ ಹಾಗೆ ಹಿಂದೆ ಬಿದ್ದು ಓಡಿಸಿದೆ. ನನಗೆ ಬೇಕಿದ್ದುದು ಅವರು ನೋಡಿ ಬೆರಗಾಗುವಂಥ ವಾಕ್ಯ! ಕರ್ತೃ, ಕರ್ಮ, ಕ್ರಿಯಾಪದ ಸಾಲಾಗಿ ಶಿಸ್ತಿನಿಂದ ನಿಂತಿರಬೇಕು, ಕೊನೆಗೊಂದು ದುಂಡನೆಯ ಚುಕ್ಕಿ ಇರಬೇಕು. ಕೊನೆಗೆ ನಾನೇ ಹೇಳಿ ಬರೆಸಿದೆ: 'ಬಾತುಕೋಳಿಯು ತನ್ನ ಮರಿಗಳೊಡನೆ ಕೊಳದಲ್ಲಿ ವಿಹರಿಸುತ್ತಿದೆ.'

"ವಿಹರಿಸೋದು ಅಂದ್ರೇನಮ್ಮಾ?"

"ಆಮೇಲೆ ಹೇಳ್ತೀನಿ. ಮೊದಲು ಬರಿ."

"ಅಪ್ಪಾನೂ ವಿಹರಿಸ್ತಾ ಇದಾರಾ?"

ಒಳಗಿನಿಂದ ಅತ್ತೆ ಕಿಸಕ್ಕನೆ ನಕ್ಕರು.

'ವಿಹರಿಸು' ಒಂದೇ ಏಟಿಗೆ ಬರುವ ಪದವಲ್ಲ. ಬರೆ, ಅಳಿಸು, ಬರೆ, ಅಳಿಸು. ಎರಡನೆಯ ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಾಗದ ಸೋತು ಬಾಯಿ ಬಿಟ್ಟಿತು. ಏಳನೆಯ ಪುಟದಲ್ಲಿ, ತಾಯಿ ಬಾತಿನ ಹೊಟ್ಟೆಯ ಕೆಳಗೇ ಸರಿಯಾಗಿ ಒಂದು ತೂತು! ತೇಪೆ ಹಾಕಲು ಗೋಂದು ತಂದೆ. ಗೋಂದು ತೇಪೆಯನ್ನು ಬಿಟ್ಟು ಆರನ್ನೂ ಏಳನ್ನೂ ಅಂಟಿಸಿತು. ಬಿಡಿಸಲು ಕುದಿಯುವ ನೀರಿನ ಆವಿ ಹಿಡಿದೆ. ಪುಸ್ತಕ ಬಾತುಕೋಳಿಗಿಂತ ದಪ್ಪಗೆ ಊದಿಕೊಂಡಿತು. ಊದಿದ್ದನ್ನು ಇಳಿಸಬೇಕಲ್ಲ? ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಪುಟದ ಮೇಲಿಟ್ಟೆ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಪಕ್ಕದ ಮನೆಯವರು, ಏಣಿ ಕೇಳಲು ಬಂದಿದ್ದರು. ಏಣಿ ಕೊಟ್ಟು ತಿರುಗಿ ಬರುವಷ್ಟರಲ್ಲಿ ನಾಲ್ಕು ಮರಿಗಳಲ್ಲಿ ಮೂರು ಕಂದು ಬಣ್ಣಕ್ಕೆ ತಿರುಗಿದ್ದವು. ಮನೆಯೆಲ್ಲ ಹೊಗೆ.

ಅತ್ತೆ ಕಿಟಕಿ ತೆರೆಯುತ್ತ ಅಂದರು: "ನಿನ್ನ ಗಂಡನಿಗೆ ಅಕ್ಷರ ಕಲಿಸಿದವಳು ನಾನೇ ಕಣಮ್ಮಾ. ಇಸ್ತ್ರಿ ಪೆಟ್ಟಿಗೆ ಬೇಕಾಗಿರಲಿಲ್ಲ."

ಭಾನುವಾರ ಅಂಗಡಿ ತೆರೆಯುವ ಮುನ್ನವೇ ಬಾಗಿಲಲ್ಲಿ ನಿಂತು ಅದೇ ಪುಸ್ತಕದ ಹೊಸ ಪ್ರತಿ ತಂದೆ. ಆದರೆ ಬುಗುರಿ ಮುಷ್ಕರ ಹೂಡಿದಳು. "ನನ್ನ ಕೈಗೆ ಜ್ವರ ಬಂದಿದೆ," ಎಂದು ಅಜ್ಜಿಯ ಜೊತೆ ಪಾರ್ಕಿಗೆ ಹೊರಟೇಬಿಟ್ಟಳು. ಗಂಟೆ ಎರಡೂವರೆ. ನಾಲ್ಕಕ್ಕೆ ಅಡುಗೆಯವರು. ದಿಂಬಿನ ಕೆಳಗೆ ಏನೂ ಇಲ್ಲದೆ ಮಲಗುವ ನನ್ನವರು ಕಣ್ಣ ಮುಂದೆ ಬಂದರು.

ಇನ್ನು ಮುಂದಿನದನ್ನು ನೀವು ಯಾರಿಗೂ ಹೇಳಬಾರದು. ಪೆನ್ಸಿಲ್ಲನ್ನು ಎಡಗೈಯಲ್ಲಿ ಹಿಡಿದು, ನಾಲಿಗೆಯನ್ನೂ ಹೊರಚಾಚಿ, ಹನ್ನೆರಡು ಪುಟವನ್ನೂ ನಾನೇ ಬರೆದೆ! ನೈಜತೆಗೆಂದು ಎರಡು ಅಕ್ಷರ ತಪ್ಪು ಮಾಡಿ, ಒಂದು ದೀರ್ಘ ಬಿಟ್ಟೆ. ಅಡುಗೆಯವರು ಬಂದರು, ಪುಟ ತಿರುವಿದರು, "ಅಬ್ಬಾ, ಏನು ಜಾಣೆ ನಿಮ್ಮ ಮಗಳು ತಾಯೀ!" ಎಂದು ಒಯ್ದರು. ನಾನು ನಾಚಿಕೊಂಡದ್ದನ್ನು ಅವರು ವಿನಯ ಎಂದುಕೊಂಡಿರಬೇಕು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಹಡಗು ಯಾವುದೋ ಬಂದರಿನಲ್ಲಿ ನಿಂತಿತ್ತು. ಅಪರೂಪಕ್ಕೆ ಮುಖ ಇಡಿಯಾಗಿ ಕಂಡಿತು. ಗಡ್ಡ ಬಿಟ್ಟಿದ್ದರು. ಕೈಯಲ್ಲಿ ಪುಸ್ತಕ.

"ಎಲ್ಲರಿಗೂ ತೋರಿಸಿದೆ ಕಣೇ! 'ವಿಹರಿಸುತ್ತಿದೆ' ಅಂತ ಬರೆದಿದಾಳೆ, ಆರು ವರ್ಷಕ್ಕೇ! ನನಗೇ ಬರಲ್ಲ ಆ ಪದ."

"ಹೂಂ," ಎಂದೆ. ಉಬ್ಬಿದ ಎದೆ ಅಲ್ಲೇ ಅರ್ಧ ಇಳಿಯಿತು.

ಅವರು ಪುಸ್ತಕ ಮುಚ್ಚಿ, ಮತ್ತೆ ತೆರೆದರು. "ಒಂದು ಮಾತು, ತಪ್ಪು ತಿಳ್ಕೋಬೇಡ. ಹನ್ನೆರಡು ಪುಟದಲ್ಲಿ ಎಲ್ಲೂ ನಾನಿಲ್ಲ ಅಲ್ವಾ? ಎಂಟು ತಿಂಗಳು ಮಕ್ಕಳಿಗೆ ಬಹಳ ದೊಡ್ಡದು. ಮರೆತಿರಬೇಕು. ಇರಲಿ ಬಿಡು."

ಇರಲಿ ಬಿಡು! ಆ ಎರಡು ಪದಕ್ಕೆ ನನ್ನ ಮೇಲೇ ಯಾರೋ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗಾಯಿತು.

"ರೀ, ಅದು ನಾನು ಬರೆದಿದ್ದು!"

"ಏನು?"

"ಎಡಗೈಯಲ್ಲಿ!"

ಗೋಂದು, ಆವಿ, ಏಣಿ, ಎಲ್ಲವನ್ನೂ ಒದರಿದೆ. ಕಪಾಟಿನಿಂದ ಆ ಊದಿದ, ಸುಟ್ಟ ಪುಸ್ತಕ ತಂದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಒಂದೊಂದು ಪುಟವನ್ನು ಎಷ್ಟು ಸಲ ಅಳಿಸಿದ್ದರೂ, ಅವಳು ಮೊದಲು ಒತ್ತಿ ಬರೆದ ಅಕ್ಷರಗಳ ತಗ್ಗು ಹಾಗೆಯೇ ಉಳಿದಿತ್ತು. ತಡವರಿಸುತ್ತ ಓದಿದೆ: "ಅಪ್ಪ ಬಾತು ಎಲ್ಲಿ... ಅಪ್ಪ ಬಾತು ದೂರದ ನೀರಿನಲ್ಲಿ ಇದೆ... ಮರಿ ದೊಡ್ಡದಾಯಿತು ಅಪ್ಪ ಬಾತಿಗೆ ಗುರುತು ಸಿಗುತ್ತಾ..." ಕೊನೆಯ ಪುಟ: "ಅಮ್ಮ ಬಾತು ಅಳುವುದಿಲ್ಲ ಅದಕ್ಕೆ ತುಂಬಾ ಕೆಲಸ."

ಅವರು ಫೋನಿಗೆ ಕಣ್ಣು ಹತ್ತಿರ ತಂದು ಆ ತಗ್ಗುಗಳನ್ನು ಹುಡುಕಿದರು.

"ಅದನ್ನೇ ಕಳ್ಸು," ಎಂದರು. "ಮುಂದಿನ ತಿಂಗಳು ಇನ್ನೊಬ್ಬರು ಹಡಗು ಹತ್ತುತ್ತಾರೆ."

"ಸುಟ್ಟು ಕರಕಲಾಗಿದೆ ರೀ!"

"ಆಗಲಿ. ಮತ್ತೆ ಅದರಲ್ಲಿ ನಿಂದೂ ಒಂದು ವಾಕ್ಯ ಇರಲಿ. ಬಲಗೈಯಲ್ಲಿ."

ಒಂದೇ ವಾಕ್ಯ! ಅದಕ್ಕೇನು ಮಹಾ! ಫೋನಿಟ್ಟು ಅಲ್ಲೇ ಊಟದ ಮೇಜಿಗೆ ಕೂತೆ. 'ವಿರಹಾಗ್ನಿಯಲ್ಲಿ ಬೇಯುತ್ತಿರುವ' ಎಂದು ಆರಂಭಿಸಿದೆ. ಸುಟ್ಟ ಬಾತುಗಳ ಪಕ್ಕದಲ್ಲಿ ಅದು ಅಡುಗೆ ಪುಸ್ತಕದ ಸಾಲಿನಂತೆ ಕಂಡಿತು. ಅಳಿಸಿದೆ. 'ಇಲ್ಲಿ ಎಲ್ಲರೂ ಕ್ಷೇಮ' ಎಂದು ಬರೆದೆ. ಸುಳ್ಳು ಎನಿಸಿತು. ಅಳಿಸಿದೆ. ಅತ್ತೆ ಎರಡು ಸಲ ಬಂದು ಇಣುಕಿ, ಕಾಫಿ ಇಟ್ಟು ಹೋದರು. ಕಾಫಿ ಆರಿತು. ಕೊನೆಗೆ ಕೈ ತಾನಾಗಿ ಬರೆಯಿತು: 'ಈಗಲೂ ನಾಲ್ಕು ತಟ್ಟೆ ಹಾಕುತ್ತೇನೆ ಆಮೇಲೆ ಒಂದನ್ನು ಎತ್ತಿಡುತ್ತೇನೆ'. ಚುಕ್ಕಿ ಇಡುವುದು ಮರೆತೇಹೋಗಿತ್ತು; ಅಕ್ಷರಗಳೇ ಕಣ್ಣಿಗೆ ಮಸುಕಾಗಿದ್ದವು.

ಶಾಲೆಯಿಂದ ಬಂದ ಬುಗುರಿ ಚೀಲ ಎಸೆದು ಮೇಜಿಗೆ ಹತ್ತಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಟೀಚರ್ ಮುಖ ಮಾಡಿಕೊಂಡು, ನನ್ನ ಕೈಯಿಂದ ಪೆನ್ಸಿಲ್ ಕಿತ್ತು, ಕೆಳಗೆ ದೊಡ್ಡದಾಗಿ ಬರೆದಳು: ಹತ್ತಕ್ಕೆ ಒಂಬತ್ತು.

ಅವಳ ಟೀಚರ್ ಹೇಳಿದ್ದನ್ನು ಕೇಳದ ತಪ್ಪಿಗೋ, ಚುಕ್ಕಿ ಬಿಟ್ಟಿದ್ದಕ್ಕೋ ಎಂದು ನಾನು ಅಳುಕುತ್ತ ಕೇಳಿದೆ: "ಒಂದು ಮಾರ್ಕು ಯಾಕೆ ಹೋಯ್ತು ಮಿಸ್?"

"ನೋಡಿಲ್ಲಿ," ಎಂದು ಪುಟವನ್ನು ನನ್ನ ಮೂಗಿಗೇ ಹಿಡಿದಳು, "ಪುಸ್ತಕ ಎಲ್ಲಾ ಒದ್ದೆ ಮಾಡಿದೀಯ!"