ಪಂಜರದೊಳಗಿನ ಒಣನಿಂಬೆ

ಓದಿದವನಿಗೆ ಎಲ್ಲ ತಿಳಿದಿರುತ್ತದೆ ಎಂದು ನಂಬುವವರು ಒಮ್ಮೆ ನನ್ನನ್ನು ನೋಡಬೇಕು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ತೊಂಬತ್ತರ ದಶಕದಲ್ಲಿ ಮಸ್ಕತ್ತಿನ ಪ್ರಯೋಗಾಲಯವೊಂದಕ್ಕೆ ಬಂದು ಸೇರಿದ ನನಗೆ ಒಪ್ಪಿಸಿದ್ದು ಕಣ್ಣಿಗೆ ಕಾಣದ ಪಂಜರ ಕಟ್ಟುವ ಕೆಲಸ. ಪಂಜರವೂ ಒಂದು ಅಣುವೇ. ಬಾವಿ ನೀರಿನಲ್ಲಿ ಬೆರೆತ ನೈಟ್ರೇಟು, ಅಂದರೆ ಋಣ ವಿದ್ಯುತ್ತು ಹೊತ್ತು ತಿರುಗುವ ಅಯಾನು, ತಾನಾಗಿ ಬಂದು ಅದರೊಳಗೆ ಕೂರಬೇಕು. ಕಾಗದದ ಮೇಲೆ ತಪ್ಪದೆ ಕೂರುತ್ತಿತ್ತು. ಬಾಟಲಿಯಲ್ಲಿ ಮಾತ್ರ ನನ್ನ ಪಂಜರದತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅಳತೆ ತಪ್ಪಿತೇ, ಆಕಾರ ತಪ್ಪಿತೇ, ನಾನೇ ತಪ್ಪಿ ಹುಟ್ಟಿದೆನೇ, ಒಂದೂ ತಿಳಿಯದೆ ತಲೆ ಕೆಟ್ಟು ಕೆರ ಹಿಡಿದಿತ್ತು.

ನಮ್ಮ ಸುಡಾನಿ ಮೇಲಧಿಕಾರಿ ಒಳ್ಳೆಯವರು. ಆದರೂ ಒಂದು ದಿನ, "ಶನಿವಾರದೊಳಗೆ ಹಿಡಿಯದಿದ್ದರೆ ಈ ಕೆಲಸ ಖಲಾಸ್" ಎಂದುಬಿಟ್ಟರು. ಎರಡು ವರ್ಷದ ದುಡಿಮೆ! ನನಗೆ ನಿಜಕ್ಕೂ ಅಳು ಬಂತು. ಬುಧವಾರ ಸಂಜೆ ತಂತಿ, ಪ್ಲಾಸ್ಟಿಕ್ ಗುಂಡುಗಳಿಂದ ಮಾಡಿದ ಪಂಜರದ ಮಾದರಿಯನ್ನು ಮನೆಗೇ ಹೊತ್ತು ತಂದು ಊಟದ ಮೇಜಿನ ಮೇಲಿಟ್ಟೆ. ನನ್ನ ಹೆಂಡತಿ ಸುಮತಿ ಉಡುಪಿ ಕಡೆಯವಳು. "ಖುರುಮ್ ಪೇಟೆಯಿಂದ ಕರಿಬೇವು ತನ್ನಿ ಅಂತ ಭಾನುವಾರದಿಂದ ಹೇಳ್ತಾ ಇದ್ದೇನೆ. ನೀವು ತಂದದ್ದು ಇದಾ?" ಎಂದಳು.

ಶುಕ್ರವಾರ ಬೆಳಿಗ್ಗೆ, ನೈಟ್ರೇಟಿನ ಬದಲಿಗೆ ಮಗಳ ಗೋಲಿಯೊಂದನ್ನು ಪಂಜರದೊಳಗೆ ತೂರಿಸಹೋದರೆ ಅದು ಹೋಗಲೊಲ್ಲದು. ಬಗ್ಗಿ ನೋಡಿದರೆ ಒಳಗೆ ಒಮಾನಿನ ಕಪ್ಪು ಒಣನಿಂಬೆ!

"ಇದನ್ನು ಇಲ್ಲಿ ಯಾರಿಟ್ಟದ್ದು?" ಎಂದು ಕೂಗಿದೆ.

"ನಾನೇ. ಮೇಜಿನ ಮೇಲೆ ಉರುಳ್ತಾ ಇತ್ತು. ಒಳಗೆ ಒಂದು ಕೂತಿರುವಾಗ ಇನ್ನೊಂದು ಹೇಗೆ ಹೋಗ್ತದೆ ಮಾರಾಯ್ರೇ? ಮೊದಲು ಅದನ್ನು ತೆಗೀರಿ."

ಗೋಲಿ ಹಿಡಿದು ನಿಂತೇ ಬಿಟ್ಟೆ. ನಾನು ಪಂಜರವನ್ನು ದ್ರಾವಣದಿಂದ ಪುಡಿಯಾಗಿ ಬೇರ್ಪಡಿಸುತ್ತಿದ್ದುದು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಅದರ ಕ್ಲೋರೈಡು, ಅದೂ ಋಣ ಅಯಾನೇ, ಎಂದೋ ಒಳಗೆ ಹೋಗಿ ಕಾಲು ಚಾಚಿಕೊಂಡಿತ್ತು. ಎರಡು ವರ್ಷ ನಾನು ನೈಟ್ರೇಟನ್ನು ಬಾ ಬಾ ಎಂದು ಕರೆದದ್ದು ತುಂಬಿದ ಮನೆಗೆ.

ಶನಿವಾರ ಮೇಲಧಿಕಾರಿ ಎಲ್ಲ ಕೇಳಿ ನಕ್ಕು, "ಯಲ್ಲಾ, ನಡಿ, ಅದನ್ನು ಹೊರಗೆ ಹಾಕು" ಎಂದು ಒಂದು ತಿಂಗಳು ಕೊಟ್ಟರು. ಹೊಳೆದದ್ದು ಯಾರಿಗೆ ಎಂದರು. ನನಗೇ ಎಂದೆ.

ಕುಣಿಯುತ್ತ ಮನೆಗೆ ಬಂದು ವಿಷಯ ಹೇಳಿದರೆ ಸುಮತಿ ನನ್ನ ಬರಿಗೈ ನೋಡಿದಳು. "ಕರಿಬೇವು?" ಎಂದಳು. ಆಮೇಲೆ ನನ್ನ ತಲೆ ನೋಡಿದಳು. "ಇಲ್ಲಿಯೂ ಮೊದಲೇ ಏನೋ ಕೂತಿದೆ. ನಾನು ಹೇಳಿದ್ದು ಒಳಗೆ ಹೋಗುವುದೇ ಇಲ್ಲ."

ಕಾರು ತೆಗೆದೆ. ಕರಿಬೇವು, ಕರಿಬೇವು ಎಂದು ಜಪಿಸುತ್ತಲೇ ಖುರುಮ್ ತಲುಪಿದೆ. ದಾರಿಯಲ್ಲಿ ಕ್ಲೋರೈಡನ್ನು ಓಡಿಸುವ ಉಪಾಯವೊಂದು ಹೊಳೆಯಿತು, ಅಷ್ಟೇ. ಮನೆಗೆ ಬಂದು ಚೀಲ ಬಿಚ್ಚಿದಾಗ ಅದರಲ್ಲಿದ್ದದ್ದು ಅರ್ಧ ಕಿಲೋ ಒಣನಿಂಬೆ.