ಅಣ್ಣು ಎಂಬುದು ಹೆಸರು

ದೋಹಾ,
ಜುಲೈ ತಿಂಗಳ ಒಂದು ಬುಧವಾರ

ಮಾನ್ಯರೇ,

ಊಟ, ನಿದ್ದೆ, ರಜೆ ಒಂದನ್ನೂ ಬಯಸದೆ ಸಂಶೋಧನಾ ಅನುದಾನದ ಅರ್ಜಿಗಳನ್ನು ಸ್ವೀಕರಿಸುತ್ತಿರುವ ಆನ್‌ಲೈನ್ ಪೋರ್ಟಲ್ ಅವರ ಸನ್ನಿಧಾನಕ್ಕೆ, ಒಂದು ಸಣ್ಣ ಕಾಲೇಜಿನ ಅನುದಾನ ವಿಭಾಗದಲ್ಲಿರುವ ಅಣ್ಣು ಎಂಬವನು ಮಾಡುವ ನಮಸ್ಕಾರಗಳು. ನಾವಿಲ್ಲಿ ನಲವತ್ತಾರು ಡಿಗ್ರಿಯಲ್ಲಿ ಕ್ಷೇಮವಾಗಿದ್ದೇವೆ. ಹೋದ ವಾರ ತಮ್ಮ ಸರ್ವರ್ ಡೌನ್ ಆಗಿ ಮಧ್ಯಾಹ್ನದವರೆಗೂ ಏಳಲಿಲ್ಲವೆಂದು ತಿಳಿದು ಬೇಜಾರಾಯಿತು. ಈಗ ಗುಣವಾಗಿ, ಎಂದಿನಂತೆ ಎಲ್ಲರ ಅರ್ಜಿಗಳನ್ನೂ ತಿರಸ್ಕರಿಸುವಷ್ಟು ಚೈತನ್ಯ ಬಂದಿರಬಹುದೆಂದು ನಂಬಿದ್ದೇನೆ.

ಮೂವತ್ತೊಂದು ವರ್ಷಗಳಿಂದ ನಾನು ಕನ್ನಡದಲ್ಲಿ ಬರೆದದ್ದೆಲ್ಲ ಊರಿನಲ್ಲಿರುವ ಅಕ್ಕನಿಗೆ, ಭಾವನಿಗೆ, ಅಳಿಯಂದಿರಿಗೆ. ಯಂತ್ರಕ್ಕೆ ಬರೆಯುತ್ತಿರುವುದು ಇದೇ ಮೊದಲು. ಮರ್ಯಾದೆಯಲ್ಲಿ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೊಟ್ಟೆ ಇಲ್ಲವಾದರೆ ಅದರ ಬದಲಿಗೆ ಏನಿದೆಯೋ ಅದಕ್ಕೆ ಹಾಕಿಕೊಳ್ಳಬೇಕು. ನಾನು ಓದಿದ್ದು ಏಳನೇ ತರಗತಿ. ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ನೋಡಿಕೊಂಡಿದ್ದವನು, ನಟ್ಟು ಬೋಲ್ಟುಗಳ ರಸೀದಿ ಬರೆಯುತ್ತಾ ಬರೆಯುತ್ತಾ ಆಫೀಸಿನ ಇಂಗ್ಲಿಷ್ ಕಲಿತೆ, ಆಮೇಲೆ ಈ ಕಾಲೇಜಿಗೆ ಬಂದೆ. ಅನುದಾನ ವಿಭಾಗವೆಂದರೆ ತಾವು ದೊಡ್ಡದೇನನ್ನೋ ಊಹಿಸಿಕೊಳ್ಳಬಾರದು. ಜೆರಾಕ್ಸ್ ಯಂತ್ರದ ಹಿಂದೆ ಒಂದು ಮೇಜಿದೆ, ಮೇಜಿನ ಹಿಂದೆ ನಾನಿದ್ದೇನೆ. ವಿಭಾಗ ಅಲ್ಲಿಗೆ ಮುಗಿಯಿತು.

ಈಗ ನಶೀದಾಳ ವಿಷಯ. ನಮ್ಮ ರಸಾಯನಶಾಸ್ತ್ರದ ಉಪನ್ಯಾಸಕಿ, ಪುತ್ತೂರಿನ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಡಾಕ್ಟರೇಟ್ ಮಾಡಿದವಳು, ಸೂಕ್ ವಾಕಿಫ್ ಪೇಟೆಯಲ್ಲಿ ಸಾಂಬಾರ ಪದಾರ್ಥಗಳ ಅಂಗಡಿ ಇಟ್ಟಿರುವ ಮೊಯ್ದಿನ್ ಕುಂಞಿಯ ಮಗಳು. ಅಲ್ ಗರಾಫಾದ ಫ್ಲ್ಯಾಟುಗಳ ಏಸಿಗಳಿಂದ ದಿನವಿಡೀ ತೊಟ್ಟಿಕ್ಕಿ ರಸ್ತೆಗೆ ಹೋಗುವ ನೀರನ್ನು ಹಿಡಿದು, ಅದರಲ್ಲಿ ಏನೇನು ಬೆರೆತಿದೆ, ಗಿಡಕ್ಕೆ ಹಾಕಬಹುದೇ, ಹಾಕಿದರೆ ಕರಿಬೇವು ಬದುಕುತ್ತದೆಯೇ ಎಂದು ನೋಡುವುದು ಅವಳ ಸಂಶೋಧನೆ. ಈ ಊರಿನಲ್ಲಿ ಗಾಳಿಗೆ ಪಸೆ ಏರಿ ಏಸಿಗಳು ಧಾರಾಳವಾಗಿ ಸುರಿಸುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾತ್ರ. ಕಾಲೇಜಿನೊಡನೆ ಅವಳ ಒಪ್ಪಂದ ಇರುವುದು ಡಿಸೆಂಬರಿನವರೆಗೆ. ಅಂದರೆ ಅವಳಿಗಿರುವುದು ಇದೊಂದೇ ಬೇಸಿಗೆ. ತಮ್ಮಲ್ಲಿರುವ ಪರಿಣತರು ಅರ್ಜಿಯನ್ನು ಓದಿ ಒಪ್ಪಿಯೂ ಆಗಿತ್ತು, ಬಾಕಿ ಇದ್ದದ್ದು ಒಂದೇ ಒಂದು ಹಂತ: ಅರ್ಜಿದಾರಳಿಗೂ ಕಾಲೇಜಿನ ಆಡಳಿತದವರಿಗೂ ನೆಂಟಸ್ತಿಕೆ ಇಲ್ಲವೆಂದು ತಾವು ನೋಡಿ ತೃಪ್ತಿಪಡುವುದು.

ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಸಿದ್ಧತೆಗೆ ಸಂಬಂಧಿಸಿದ ಕಾಗದಗಳು ಯಾವ ಭಾಷೆಯಲ್ಲಿದ್ದರೂ ಹಾಗೆಯೇ ಸೇರಿಸಿ, ಅನುವಾದವನ್ನು ನಾವೇ ಮಾಡಿಕೊಳ್ಳುತ್ತೇವೆ ಎಂದು ತಮ್ಮ ಹದಿನಾಲ್ಕನೇ ನಿಯಮ ಹೇಳುತ್ತದೆ. ಬುದ್ಧಿ ಇದ್ದವರು ಇಂಥ ನಿಯಮವನ್ನು ಓದಿ ಮುಂದೆ ಹೋಗುತ್ತಾರೆ. ನಾನು ಪಾಲಿಸಿದೆ. ಪ್ರಯೋಗಾಲಯದ ಬಾಗಿಲಿಗೆ ನೇತುಹಾಕಿದ್ದ, ಎಲ್ಲರೂ ಓದಲಿ ಎಂದು ನಶೀದಾ ಕನ್ನಡದಲ್ಲಿ ಬರೆದಿಡುತ್ತಿದ್ದ ದಿನಚರಿಯ ಒಂದು ಹಾಳೆಯನ್ನೂ ಸ್ಕ್ಯಾನ್ ಮಾಡಿ ಸೇರಿಸಿಬಿಟ್ಟೆ. ಅದರಲ್ಲಿದ್ದದ್ದು ಇಷ್ಟೇ: "ಅಣ್ಣು ಅರ್ಜಿ ನೋಡಿದರು. ಅಕ್ಕು ಹಳೆಯ ವರದಿ ಹುಡುಕಿಕೊಟ್ಟಳು. ಭೈರಪ್ಪ ಬಕೆಟ್ ಇಳಿಸಿದರು. ಪೂವಕ್ಕ ಬೀಗ ತೆಗೆದರು."

ತಾವು ನಾಲ್ಕೇ ಸೆಕೆಂಡಿನಲ್ಲಿ ಅದನ್ನು ಇಂಗ್ಲಿಷಿಗೆ ತಂದುಕೊಂಡು ತೀರ್ಪು ಕೊಟ್ಟಿರಿ. ಅರ್ಜಿದಾರಳ ಅಣ್ಣ ಅರ್ಜಿಯನ್ನು ಪರಿಶೀಲಿಸಿದ್ದಾನೆ, ಅಕ್ಕ ದಾಖಲೆ ಒದಗಿಸಿದ್ದಾಳೆ, ಭೈರ ಎಂಬ ಅಪ್ಪ ಸಾಮಾನು ಇಳಿಸಿದ್ದಾನೆ, ಹೂವಿನ ಅಕ್ಕ ಎಂಬ ಇನ್ನೊಬ್ಬ ಸಹೋದರಿಯ ಕೈಯಲ್ಲಿ ಕಟ್ಟಡದ ಬೀಗವಿದೆ; ಈ ಕಾಲೇಜು ಒಂದು ಕುಟುಂಬದ ಸ್ವತ್ತಿನಂತೆ ತೋರುತ್ತಿರುವುದರಿಂದ ಅರ್ಜಿಯನ್ನು ಅಮಾನತಿನಲ್ಲಿಡಲಾಗಿದೆ, ಸಂಬಂಧವಿಲ್ಲವೆಂಬುದಕ್ಕೆ ಐದು ಕೆಲಸದ ದಿನಗಳೊಳಗೆ ದಾಖಲೆ ಒದಗಿಸತಕ್ಕದ್ದು. ನಮ್ಮ ಕಡೆ ಒಂದು ನೆಂಟಸ್ತಿಕೆ ಕುದುರಿಸಲು ದಲ್ಲಾಳಿಗಳು ಎರಡು ವರ್ಷ ಓಡಾಡುತ್ತಾರೆ. ತಾವು ನಾಲ್ಕು ಸೆಕೆಂಡಿನಲ್ಲಿ ನಾಲ್ಕು ನೆಂಟರನ್ನು ಕೊಟ್ಟಿರಿ, ಅದೂ ಕಾಫಿ ತಿಂಡಿಯ ಖರ್ಚಿಲ್ಲದೆ. ಈ ಸಾಮರ್ಥ್ಯಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಸುದ್ದಿ ಹೇಳಿದಾಗ ಕಾಲೇಜಿನ ಬಸ್ಸು ಓಡಿಸುವ ಭೈರಪ್ಪ, ಮಂಡ್ಯ ಕಡೆಯವರು, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡೇ, "ನಂಗೆ ಮದ್ವೇನೇ ಆಗಿಲ್ಲ ಸ್ವಾಮಿ, ಅಷ್ಟರಲ್ಲಿ ಮಗ್ಳು ಡಾಕ್ಟರೇಟೂ ಮುಗಿಸ್ಬುಟ್ಟಳಾ?" ಎಂದರು, ಆಮೇಲೆ ಎರಡು ದಿನ ಅವರು ಸ್ವಲ್ಪ ಹೆಮ್ಮೆಯಿಂದಲೇ ಬಸ್ಸು ಓಡಿಸಿದ್ದನ್ನು ನಾನು ಗಮನಿಸಿದ್ದೇನೆ. ಗ್ರಂಥಾಲಯದ ಅಕ್ಕು ಮಾತ್ರ ಸಿಟ್ಟಾದಳು. "ನಾನು ಮೇಡಮ್‌ಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ಹೇಗೆ ಅಕ್ಕ ಮಾಡಿದ್ದು ಅದು? ಕಣ್ಣು ಕಾಣುದಿಲ್ವಾ ಅದಕ್ಕೆ?" ಎಂದಳು. ತಮಗೆ ಕಣ್ಣಿದೆಯೋ ಇಲ್ಲವೋ ಎಂಬ ಬಗ್ಗೆ ನಿಯಮಾವಳಿಯಲ್ಲಿ ಏನೂ ಇಲ್ಲವಾದ್ದರಿಂದ ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ.

ಮೊದಲ ದಿನ ತಮ್ಮ ಫಾರಂ ತುಂಬಲು ಕುಳಿತೆ. "ಸಂಬಂಧ" ಎಂಬಲ್ಲಿ ಸಂಗಾತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಇತರೆ ಎಂದು ಐದೇ ಆಯ್ಕೆಗಳಿದ್ದವು. ಏನೂ ಇಲ್ಲ ಎಂಬ ಆಯ್ಕೆ ಇರಲಿಲ್ಲ. ಯಾರಿಗೂ ಏನೂ ಅಲ್ಲದ ಮನುಷ್ಯನನ್ನು ತಾವು ಈವರೆಗೆ ಕಂಡಿಲ್ಲವೆಂದಾದರೆ ಅದು ತಮ್ಮ ದೊಡ್ಡ ಮನಸ್ಸು. "ಇತರೆ" ಒತ್ತಿ, ಅಣ್ಣು ಎಂಬುದು ನನ್ನ ಹೆಸರು, ಸಂಬಂಧವಲ್ಲ ಎಂದು ಬರೆದು, ಸಾಕ್ಷಿಗೆ ಪಾಸ್‌ಪೋರ್ಟ್ ಲಗತ್ತಿಸಿದೆ. ನನ್ನ ಪಾಸ್‌ಪೋರ್ಟಿನಲ್ಲಿರುವುದು ಒಂದೇ ಹೆಸರು. ಆದರೆ ಮನೆತನದ ಹೆಸರಿಲ್ಲದವರನ್ನು ತಾವು ಒಳಗೆ ಬಿಡುವುದಿಲ್ಲವಾದ್ದರಿಂದ ನೋಂದಣಿಯ ದಿನ ಎರಡೂ ಜಾಗದಲ್ಲಿ ಅಣ್ಣು ಎಂದೇ ಬರೆದಿದ್ದೆ. ತಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಅಧಿಕಾರಿ ತಾನು ಅಣ್ಣನೆಂಬುದನ್ನು ಎರಡು ಬಾರಿ ಒಪ್ಪಿಕೊಂಡಿದ್ದಾರೆ" ಎಂದು ದಾಖಲಿಸಿಕೊಂಡಿರಿ.

ಎರಡನೆಯ ದಿನ ನಾನು ಸೂಕ್ ವಾಕಿಫ್‌ಗೆ ಹೋದೆ. ಮಗಳಿಗೆ ಯಾರು ಯಾರು ನೆಂಟರೆಂದು ತಂದೆಗಿಂತ ಚೆನ್ನಾಗಿ ಬಲ್ಲವರು ಯಾರು? ಮೊಯ್ದಿನ್ ಕುಂಞಿ ಏಲಕ್ಕಿಯ ಮೂಟೆಯ ಮೇಲೆ ಕುಳಿತು ನಕ್ಕದ್ದಕ್ಕೆ ಪಕ್ಕದ ಅಂಗಡಿಯವರೂ ಬಂದರು. "ಎಂತ ಮಾರಾಯ ಅಣ್ಣು, ನನ್ನ ಮನೇಲಿ ಇಷ್ಟೆಲ್ಲ ಮಕ್ಕಳಿದ್ದಾರೆ ಅಂತ ನನಗೇ ಗೊತ್ತಿಲ್ಲ, ನಿನ್ನ ಮೆಷಿನಿಗೆ ಗೊತ್ತುಂಟಾ? ನಶೀದಾಳ ಉಮ್ಮನಿಗೆ ಗೊತ್ತಾದ್ರೆ ನನ್ನ ಗತಿ ಏನು?" ಎಂದ. ಆದರೂ ಬರೆದುಕೊಟ್ಟ. ಕರಡು ನನ್ನದೇ. ಅಣ್ಣ, ತಮ್ಮ, ಅಕ್ಕ, ತಂಗಿ, ಮಾವ, ಭಾವ ಒಂದೂ ನುಸುಳದಂತೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಬರೆದ ಪತ್ರ ಅದು: ಮೇಲೆ ಹೇಳಿದ ನೌಕರರಿಗೂ ನನ್ನ ಮಗಳಿಗೂ ರಕ್ತಸಂಬಂಧವಾಗಲಿ ಮದುವೆಯ ಸಂಬಂಧವಾಗಲಿ ಇರುವುದಿಲ್ಲ ಎಂದು, ಕಾಲೇಜಿನ ಅನುದಾನ ಅಧಿಕಾರಿಗಳಿಗೆ. ಕೊನೆಗೆ ಮರ್ಯಾದೆಯ ಪತ್ರ ಹೇಗೆ ಮುಗಿಯಬೇಕೋ ಹಾಗೆ ಮುಗಿಸಿದ್ದೆ: "ತಮ್ಮ ವಿಶ್ವಾಸಿ, ಮೊಯ್ದಿನ್ ಕುಂಞಿ."

ಮಾನ್ಯರೇ, ಅರವತ್ತೊಂದು ವರ್ಷ ಈ ಭಾಷೆಯನ್ನು ಆಡಿದ ನನಗೆ ಹೊಳೆಯದ್ದು ತಮಗೆ ನಾಲ್ಕು ಸೆಕೆಂಡಿನಲ್ಲಿ ಹೊಳೆಯಿತು. ಪತ್ರ ಬರೆದವನು ತನ್ನನ್ನು "ತಮ್ಮ" ಎಂದು ಕರೆದುಕೊಂಡಿದ್ದಾನೆ, ಆದ್ದರಿಂದ ಅರ್ಜಿದಾರಳ ತಂದೆ ಅನುದಾನ ಅಧಿಕಾರಿಯ ನಂಬಿಗಸ್ತ ತಮ್ಮ, ಆದ್ದರಿಂದ ಅಧಿಕಾರಿ ಅರ್ಜಿದಾರಳಿಗೆ ದೊಡ್ಡಪ್ಪ. ಆದರೆ ಈಗಾಗಲೇ ಅವರು ಅವಳ ಅಣ್ಣನೂ ಆಗಿರುವುದರಿಂದ, ಒಬ್ಬನೇ ವ್ಯಕ್ತಿ ಇವೆರಡೂ ಆದದ್ದು ಹೇಗೆಂದು ಐನೂರು ಪದಗಳಿಗೆ ಮೀರದಂತೆ ವಿವರಿಸುವುದು. ನಾನು ಇಡೀ ಜೀವಮಾನದಲ್ಲಿ ಎಷ್ಟು ಪತ್ರಗಳನ್ನು "ತಮ್ಮ ವಿಶ್ವಾಸಿ" ಎಂದು ಮುಗಿಸಿದ್ದೇನೆಂದು ಅವತ್ತು ಯೋಚಿಸಿದೆ. ಮೆಸಯೀದ್‌ನ ಮ್ಯಾನೇಜರುಗಳು, ಊರಿನ ಪಂಚಾಯತಿ, ಬ್ಯಾಂಕು, ಎಲ್‌ಐಸಿ, ಎಲ್ಲರಿಗೂ ನಾನು ತಮ್ಮನಾಗಿಬಿಟ್ಟಿದ್ದೇನೆ. ಒಬ್ಬರೂ ಈವರೆಗೆ ಮನೆಗೆ ಕರೆದಿಲ್ಲ.

ಮೂರನೆಯ ದಿನ ನಾವೆಲ್ಲ ಸೇರಿ ಒಂದು ನಿರ್ಧಾರಕ್ಕೆ ಬಂದೆವು. ತೀರ್ಮಾನವಾಗುವವರೆಗೆ ಕಾಲೇಜಿನಲ್ಲಿ ಯಾರೂ ಯಾರನ್ನೂ ಏನೂ ಆಗಿ ಕರೆಯಬಾರದು. ಪ್ರಯೋಗಾಲಯದ ಪೂವಕ್ಕ, ಐವತ್ನಾಲ್ಕು ವರ್ಷದವರು, ತಾವಾಗಿಯೇ ತ್ಯಾಗಕ್ಕೆ ಮುಂದಾದರು. "ನನ್ನನ್ನು ಬರೇ ಪೂವು ಅಂತ ಕರೀರಿ ಮಾರಾಯ್ರೆ, ಹುಡುಗಿಗೆ ಬಕೆಟ್ ಇಡ್ಲಿಕ್ಕೆ ಸಿಕ್ಕಿದ್ರೆ ಸಾಕು" ಎಂದರು. ಕರೆಯಲು ಯಾರಿಗೂ ನಾಲಿಗೆ ಏಳಲಿಲ್ಲ. ಕರೆಯದಿದ್ದ ಮೇಲೆ ಕೇಳುವುದು ಹೇಗೆ? ಬೀಗ ಬೇಕಾದವರು ಬಾಗಿಲ ಬಳಿ ಬಂದು ಕೆಮ್ಮತೊಡಗಿದರು. ಭೈರಪ್ಪನವರು ಶ್ರೀ ಭೈರ ಆದರು. ಹತ್ತೂವರೆಯ ಚಹಾಕ್ಕೆ ಎಲ್ಲರೂ ಬಂದರು, ಕುಡಿದರು, ಹೋದರು. ಒಂಬತ್ತು ವರ್ಷಗಳಲ್ಲಿ ಅಷ್ಟು ಶಿಸ್ತಿನ ಕಚೇರಿಯನ್ನು ನಾನು ಕಂಡಿರಲಿಲ್ಲ, ಇನ್ನು ಕಾಣುವ ಆಸೆಯೂ ಇಲ್ಲ.

ನಾಲ್ಕನೆಯ ದಿನ, ಅಂದರೆ ಇವತ್ತು, ತಾವು ಕೊನೆಯ ದಾರಿಯೆಂದು ಒಂದು ಘೋಷಣೆಯ ಪುಟ ಕಳಿಸಿದಿರಿ. ಅದರಲ್ಲಿ ಒಂದೇ ಸಾಲು: "ಅರ್ಜಿದಾರರು ನನಗೆ ಯಾರೂ ಅಲ್ಲ." ಕೆಳಗೆ ಒಂದು ಗುಂಡಿ. ನಶೀದಾ ಪಕ್ಕದ ಕುರ್ಚಿ ಎಳೆದು ಕುಳಿತಿದ್ದಳು. ಬೆರಳು ಇಟ್ಟೆ, ತೆಗೆದೆ. ಕನ್ನಡಕ ಒರೆಸಿದೆ. ಇಂಟರ್ನೆಟ್ ನಿಧಾನ ಎಂದೆ. ಅವಳು ಪರದೆಯ ಕಡೆಗೇ ನೋಡುತ್ತಾ, "ಒತ್ತಿ ಮಾಮ, ಅದಕ್ಕೆಂತ ಗೊತ್ತುಂಟು" ಎಂದಳು. ಒತ್ತಿದೆ. ಸುಳ್ಳು ಬಿಲ್ಲಿಗೆ ಒಂದು ದಿನವೂ ಸಹಿ ಹಾಕದೆ ಮೆಸಯೀದ್‌ನಿಂದ ಹೊರಬಂದವನು ನಾನು. ಆ ದಾಖಲೆಯನ್ನು ತಾವು ಮುರಿಸಿದಿರಿ.

ನಾಲ್ಕು ಸೆಕೆಂಡಿಗೆ ಉತ್ತರ ಬಂತು. ನಮ್ಮ ಭಾಷೆ ಕನ್ನಡವೆಂದು ಎಲ್ಲೋ ಗುರುತು ಮಾಡಿಕೊಂಡಿದ್ದ ತಾವು ಈ ಸಲ ಕನ್ನಡದಲ್ಲೇ ಬರೆಯುವ ಸೌಜನ್ಯ ತೋರಿದ್ದೀರಿ. ಅದನ್ನು ಒಂದಕ್ಷರವೂ ಬದಲಿಸದೆ ಇಲ್ಲಿ ಕೊಡುತ್ತಿದ್ದೇನೆ:

"ಪ್ರೀತಿಯ ಅಣ್ಣ ಅಣ್ಣ, ನಿಮ್ಮ ಘೋಷಣೆ ತಲುಪಿದೆ. ಅರ್ಜಿ ಅಮಾನತಿನಲ್ಲೇ ಇದೆ. ನಾನೇ ನಾಳೆ ಅಂತಿಮ ತೀರ್ಮಾನ ಮಾಡುತ್ತೇನೆ. ತಮ್ಮ, ಅನುದಾನ ಪೋರ್ಟಲ್."

ಮಾನ್ಯರೇ, ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಮೇಲೆ "ಪ್ರೀತಿಯ ಅಣ್ಣ." ಕೆಳಗೆ ಸಹಿಯ ಜಾಗದಲ್ಲಿ "ತಮ್ಮ." ಮೊಯ್ದಿನ್ ಕುಂಞಿಯನ್ನು ನನ್ನ ತಮ್ಮನೆಂದು ಸ್ಥಾಪಿಸಲು ತಮಗೆ ಸಾಕಾದದ್ದು ಇದರ ಅರ್ಧದಷ್ಟು ಸಾಕ್ಷಿ. ತಮ್ಮದೇ ತರ್ಕದಂತೆ ತಾವು ನನ್ನ ಒಡಹುಟ್ಟಿದವರು, ನಶೀದಾಳಿಗೆ ಇನ್ನೊಬ್ಬ ಅಣ್ಣ ಇಲ್ಲವೇ ಚಿಕ್ಕಪ್ಪ, ಯಾವುದೆಂದು ತಾವೇ ಐನೂರು ಪದಗಳಲ್ಲಿ ವಿವರಿಸಬಹುದು. ಅರ್ಜಿದಾರರ ನೆಂಟರು ಯಾರೇ ಆಗಿರಲಿ ಅರ್ಜಿಯನ್ನು ಮುಟ್ಟಕೂಡದು ಎಂಬ ಏಳನೆಯ ನಿಯಮ ತಾವೇ ಬರೆದದ್ದು. ಆದ್ದರಿಂದ ಈ ಮೂಲಕ ನಮ್ಮ ನೆಂಟಸ್ತಿಕೆಯನ್ನು ಬಹಿರಂಗವಾಗಿ ಘೋಷಿಸಿ, ಈ ಕಡತದಿಂದ ತಾವು ಕೈ ತೆಗೆದು, ಹೊಟ್ಟೆ, ಕಣ್ಣು ಮತ್ತು ನಿಟ್ಟುಸಿರು ಇರುವ ಯಾರಾದರೊಬ್ಬರಿಗೆ ಅದನ್ನು ಒಪ್ಪಿಸಬೇಕೆಂದು ಕೋರುತ್ತೇನೆ.

ಇದರ ಜೊತೆಗೆ ಇನ್ನೂ ಕೆಲವು ಸಣ್ಣ ಬೇಡಿಕೆಗಳು. ಮುಂದೆ ಯಾರದೇ ಅರ್ಜಿಯನ್ನು ತಿರಸ್ಕರಿಸುವಾಗ ನಾಲ್ಕು ಸೆಕೆಂಡಿನ ಬದಲು ಒಂದು ಲೋಟ ಚಹಾ ಆರುವಷ್ಟು ಹೊತ್ತು ತೆಗೆದುಕೊಳ್ಳಬೇಕು. ಸಂಬಂಧದ ಪಟ್ಟಿಯಲ್ಲಿ "ಏನೂ ಅಲ್ಲ, ಆದರೂ" ಎಂಬ ಆರನೆಯ ಆಯ್ಕೆಯೊಂದನ್ನು ಸೇರಿಸಬೇಕು. ಈ ಊರಿನಲ್ಲಿ ನಾವೆಲ್ಲ ಬದುಕುತ್ತಿರುವುದು ಆ ಆಯ್ಕೆಯಲ್ಲೇ. ನಾನು ಇವತ್ತು ಒತ್ತಿದ ಗುಂಡಿಯನ್ನು ಹಿಂದಕ್ಕೆ ಒತ್ತಲು ಬರುವಂತೆ ಮಾಡಿಕೊಡಬೇಕು. ಸಾಧ್ಯವಾದರೆ ಸೆಪ್ಟೆಂಬರನ್ನು ಸ್ವಲ್ಪ ಉದ್ದ ಮಾಡಬೇಕು.

ಇಂತಿ, ಈ ಸಲ ಎರಡೂ ಅರ್ಥದಲ್ಲಿ,
ತಮ್ಮ ವಿಶ್ವಾಸಿ,
ಅಣ್ಣು ಅಣ್ಣು
(ಒಂದು ಅಣ್ಣು ಹೆಸರು, ಇನ್ನೊಂದು ತಮ್ಮ ಕಾಟಕ್ಕೆ)

ಪ್ರತಿ: ಕಾಲೇಜಿನ ನೋಟೀಸು ಬೋರ್ಡಿಗೆ, ಏಲಕ್ಕಿ ಮೂಟೆಗೆ ಅಂಟಿಸಲು ಮೊಯ್ದಿನ್ ಕುಂಞಿಗೆ.

ವಿ.ಸೂ.: ಈ ಪತ್ರವನ್ನು ಬೋರ್ಡಿಗೆ ಹಚ್ಚುವ ಮೊದಲು ತಮ್ಮ ದೂರು ಪೆಟ್ಟಿಗೆಗೂ ಹಾಕಿದ್ದೆ. ನಾಲ್ಕು ಸೆಕೆಂಡಿನಲ್ಲಿ, "ನೆಂಟಸ್ತಿಕೆ ದೃಢಪಟ್ಟಿದೆ, ಪೋರ್ಟಲನ್ನು ಈ ಕಡತದಿಂದ ಅಮಾನತುಗೊಳಿಸಲಾಗಿದೆ" ಎಂದು ತಾವೇ ತಮಗೆ ನೋಟೀಸು ಕೊಟ್ಟುಕೊಂಡಿರಿ. ಹತ್ತು ನಿಮಿಷದಲ್ಲಿ ತಮ್ಮ ಕಚೇರಿಯ ನಟಾಶಾ ಎಂಬ ಅಧಿಕಾರಿಯ ಫೋನ್ ಬಂತು. ಕೇಳಿದ್ದು ಒಂದೇ ಪ್ರಶ್ನೆ, ಅದೂ ಕನ್ನಡದಲ್ಲಿ: "ಸರ್, ಅಣ್ಣು ಅಂದ್ರೆ ಹೆಸರಲ್ವಾ?" ಹೌದಮ್ಮಾ ಎಂದೆ. "ಖಲಾಸ್ ಸರ್, ಅಮಾನತು ತೆಗೆದೆ, ಮಂಜೂರಾತಿ ಈಗ ಬರ್ತದೆ. ನಮ್ಮ ಅಜ್ಜನ ಹೆಸರೂ ಅಣ್ಣು ಅಂತಲೇ, ಕಾಪು ಕಡೆ" ಎಂದಳು. ಮಗಾ, ಅದನ್ನು ಮಾತ್ರ ಫೈಲಿನಲ್ಲಿ ಬರೀಬೇಡ ಎಂದು ಬೇಡಿಕೊಂಡೆ. ಭಾನುವಾರ ಬಕೆಟ್ ಇಡುತ್ತೇವೆ. ಪೂವಕ್ಕ, ಪೂರ್ತಿ ಪೂವಕ್ಕ, ಬೀಗ ತೆಗೆಯುತ್ತಾರೆ.

ನೀನು ಮಾತ್ರ ಬೇಜಾರು ಮಾಡಿಕೊಳ್ಳಬೇಡ ತಮ್ಮಾ. ಬಿಡುವಾದಾಗ ಒಂದು ದಿನ ಮನೆಗೆ ಬಾ. ಬರುವಾಗ ನೀನು ನನಗೆ ಯಾರೂ ಅಲ್ಲ ಎಂಬುದಕ್ಕೆ ಎರಡು ದಾಖಲೆ ಹಿಡಿದುಕೊಂಡು ಬಾ. ಪರಿಶೀಲಿಸಿ ಬಾಗಿಲು ತೆಗೆಯಲು ಐದು ಕೆಲಸದ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಹೊರಗೆ ಏಸಿಯ ಕೆಳಗೆ ನಿಂತಿರು, ಬಕೆಟ್ ತುಂಬಿದಾಗ ಕೂಗು.